ಕಣ್ಣೀರು ಕ್ಷಮೆಯಲ್ಲ

'ಮ್ಯಾಗ್ನೋಲಿಯಾ' ಚಿತ್ರವನ್ನು ಕುರಿತು ನನಗೂ ನನ್ನ ಗೆಳೆಯರಿಗೂ ನಡೆದಿರುವ ಜಗಳ ಇನ್ನೂ ಮುಗಿದಿಲ್ಲ. ಪಾಲ್ ಥಾಮಸ್ ಆಂಡರ್ಸನ್ 1999ರಲ್ಲಿ ಬರೆದು ನಿರ್ದೇಶಿಸಿದ, ಮೂರು ಗಂಟೆಗೂ ಮೀರಿದ ಈ ಚಿತ್ರಕ್ಕೆ 2000ದ ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಬಂತು. ಪ್ರಶಸ್ತಿಯ ಬಲದಿಂದ ವಾದ ಗೆಲ್ಲುವ ಆಸೆ ನನಗಿಲ್ಲ. ಪುಣೆಯ ಗೆಳೆಯರೊಬ್ಬರ ಮನೆಯಲ್ಲಿ ಅದನ್ನು ಒಟ್ಟಿಗೆ ನೋಡಿ ಮುಗಿಸಿದಾಗ ಅವರು, "ಇದು ಕಣ್ಣೀರಿನ ಸಂತೆ" ಎಂದರು. ಉಳಿದವರು ತಲೆದೂಗಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಅವರ ಆಕ್ಷೇಪಗಳಲ್ಲಿ ಎರಡು ಸಣ್ಣವು. ಲಾಸ್ ಏಂಜಲೀಸಿನ ಒಂದು ಬಡಾವಣೆಯ ಹಲವು ಬದುಕುಗಳು ಒಂದೇ ದಿನ ಕುಸಿಯುವುದು ನಂಬಲರ್ಹವಲ್ಲ. ಬೇರೆಬೇರೆ ಜಾಗಗಳಲ್ಲಿರುವ ಪಾತ್ರಗಳೆಲ್ಲ ಒಂದೇ ಹಾಡಿಗೆ ದನಿಗೂಡಿಸುವುದು, ಕೊನೆಗೆ ಆಕಾಶದಿಂದ ಕಪ್ಪೆಗಳು ಸುರಿಯುವುದು ಅತಿರೇಕ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು ಈ ಮಾತನ್ನಾಡುವುದು ನನಗೆ ಸೋಜಿಗ.

ಮೂರನೆಯ ಆಕ್ಷೇಪ ಮಾತ್ರ ಗಂಭೀರವಾದದ್ದು: ಸಾಯುವ ತಂದೆಯ ಪಶ್ಚಾತ್ತಾಪಕ್ಕೆ ಕರಗಿ, ಚಿತ್ರವು ಕ್ಷಮೆಯನ್ನು ಅಗ್ಗಕ್ಕೆ ಮಾರುತ್ತದೆ ಎಂಬುದು.

ಚಿತ್ರದಲ್ಲಿ ಸಾವಿನಂಚಿನ ತಂದೆಯರು ಇಬ್ಬರಿದ್ದಾರೆ, ಇಬ್ಬರಿಗೂ ಕ್ಯಾನ್ಸರ್. ಅರ್ಲ್ ಪಾರ್ಟ್‌ರಿಡ್ಜ್, ಕಾಯಿಲೆಬಿದ್ದ ಹೆಂಡತಿಯನ್ನು ಎಳೆಯ ಮಗನ ಕೈಯಲ್ಲಿ ಬಿಟ್ಟು ಹೋದವನು. ಟಾಮ್ ಕ್ರೂಸ್ ನಟಿಸಿರುವ ಆ ಮಗ ಬಹಳ ವರ್ಷಗಳ ನಂತರ ಮಂಚದ ಬಳಿ ನಿಂತು ತಂದೆಯನ್ನು ಶಪಿಸುತ್ತಾನೆ. ಅದೇ ಉಸಿರಿನಲ್ಲಿ, ಹೋಗಬೇಡವೆಂದು ಬೇಡಿಕೊಳ್ಳುತ್ತಾನೆ. ಶಾಪವನ್ನು ಅವನು ಹಿಂತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬ, ದೂರದರ್ಶನದ ರಸಪ್ರಶ್ನೆ ನಡೆಸುವ ಜಿಮ್ಮಿ ಗೇಟರ್. ಮಗಳನ್ನು ಕೆಟ್ಟದಾಗಿ ಮುಟ್ಟಿದ್ದುಂಟೇ ಎಂದು ಹೆಂಡತಿ ಕೇಳಿದರೆ, ಗೊತ್ತಿಲ್ಲವೆನ್ನುತ್ತಾನೆ. ಆಕೆ ಆ ರೋಗಿಯನ್ನು ಅಲ್ಲಿಯೇ ಬಿಟ್ಟು ಮಗಳ ಬಳಿಗೆ ಓಡುತ್ತಾಳೆ. ಇಲ್ಲಿ ಕ್ಷಮೆ ಅಗ್ಗವಾದದ್ದು ಎಲ್ಲಿ?

ಈ ವಿವೇಕ ನಮಗೆ ಹೊಸತೂ ಅಲ್ಲ. ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ರಣಭೂಮಿಯ ಹೆಣಗಳ ನಡುವೆ ನಡೆಯುತ್ತ ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಕರ್ಣನಿಗಾಗಿ ಗೋಳಿಡುತ್ತಾನೆ. ಅವನೊಡನೆ ನಾವೂ ಮರುಗುತ್ತೇವೆ. ಹಾಗೆಂದು ದ್ರೌಪದಿಯ ಮುಡಿಯನ್ನು ರನ್ನ ಮರೆತನೇ? ಭೀಮನ ಗದೆ ಕೆಳಗಿಳಿಯಿತೇ?

ನಾನಿಷ್ಟು ಹಟ ಹಿಡಿಯಲು ಒಂದು ಕಾರಣವುಂಟು. ನನ್ನ ತಂದೆ ಅಮ್ಮನನ್ನು ನಡೆಸಿಕೊಂಡ ರೀತಿಯನ್ನು ನಾನು ಮನ್ನಿಸಿರಲಿಲ್ಲ. ಸುದ್ದಿ ಬಂದಾಗ ಪುಣೆಯಿಂದ ರಾತ್ರಿಯ ಬಸ್ಸು ಹಿಡಿದು ಧಾರವಾಡ ತಲುಪಿದೆ. ಅವರ ಕಾಲ ಬಳಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. "ಕೊನೆಗೂ ಮಗ ಎಲ್ಲ ಮರೆತ" ಎಂದು ನೆರೆದವರು ಸಮಾಧಾನಪಟ್ಟರು. ಗೋಡೆಗೊರಗಿ ಕುಳಿತಿದ್ದ ಅಮ್ಮ ಆ ಮಾತು ಕೇಳಿ ಮುಖ ತಿರುಗಿಸಿದಳು. ನಾನು ಏನನ್ನೂ ಮರೆತಿರಲಿಲ್ಲ. ಅದನ್ನು ಅವಳಿಗೆ ಹೇಳಲು ಆಗ ನನ್ನಲ್ಲಿ ಮಾತಿರಲಿಲ್ಲ.

ಅತ್ತವನು ಕ್ಷಮಿಸಿದನೆಂದು ಎಣಿಸಿದ ಆ ನೆಂಟರೂ, ಅಳಿಸಿದ ಚಿತ್ರ ಕ್ಷಮಿಸಿತೆಂದು ದೂರುವ ನನ್ನ ಗೆಳೆಯರೂ ಮಾಡುತ್ತಿರುವುದು ಒಂದೇ ತಪ್ಪು. ಸಂಯಮವೊಂದೇ ಕಲೆಯ ಪ್ರಾಮಾಣಿಕತೆಯೆಂದು ನಂಬಿದವರಿಗೆ ನನ್ನದು ಒಂದೇ ಬಿನ್ನಹ: ಚಿತ್ರವನ್ನು ಮತ್ತೊಮ್ಮೆ ನೋಡಿ. ಅಳು ಬಂದರೆ ಅಳಿ. ತೀರ್ಪನ್ನು ಮಾತ್ರ ಕೈಬಿಡಬೇಡಿ.