ಟ್ಯೂಲಿಪ್ ಗೆಡ್ಡೆಗೆ ಚಳಿ ಬೇಕು

ಹೋದ ವರ್ಷ ಆಸೆಪಟ್ಟು 5 ಟ್ಯೂಲಿಪ್ ಗೆಡ್ಡೆ ತರಿಸಿ, ಮೊಸಳೆಯ ನಮ್ಮ ಹಿತ್ತಲಲ್ಲಿ ನೆಟ್ಟೆ. ಎಲೆ ಬಂತು, ಹೂ ಬರಲೇ ಇಲ್ಲ. "ಈರುಳ್ಳಿ ಹಾಕಿದ್ರೆ ಸಾರಿಗಾದ್ರೂ ಆಗ್ತಿತ್ತಲ್ಲಮ್ಮ" ಅಂದರು ಅತ್ತೆ!

ತಪ್ಪು ನನ್ನದೇ. ಟ್ಯೂಲಿಪ್ ಗೆಡ್ಡೆ 12ರಿಂದ 16 ವಾರ ಒಳ್ಳೇ ಚಳಿಯಲ್ಲಿ ಮಲಗಿ ಎದ್ದರೇ ಹೂ ಬಿಡುವುದು. ನಮ್ಮ ಹಾಸನದ ಚಳಿ ಅದಕ್ಕೆ ಸಾಲದು.

ಈ ಸಲ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ಸೆಪ್ಟೆಂಬರಿನಿಂದ ಡಿಸೆಂಬರ್‌ ಕೊನೆವರೆಗೆ ಫ್ರಿಜ್ಜಿನಲ್ಲಿ ತರಕಾರಿ ಇಡುವ ಕಡೆ ಇಟ್ಟೆ. ಜೊತೆಗೆ ಸೇಬು, ಬಾಳೆಹಣ್ಣು ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಕೆಡುತ್ತದೆ. ಆಮೇಲೆ ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ, ಚೂಪು ತುದಿ ಮೇಲಾಗಿ ನೆಟ್ಟು, ಬೆಳಕಿರುವ ತಂಪು ಜಗಲಿಯಲ್ಲಿಟ್ಟೆ. ಮಣ್ಣು ಒಣಗಿದಾಗ ಮಾತ್ರ ನೀರು. ಮೂರು ಅರಳಿದವು! ಆದರೆ ನಮ್ಮ ಕಡೆ ಅದೇ ಗೆಡ್ಡೆ ಮರುವರ್ಷ ಹೂ ಬಿಡುವುದು ಅಪರೂಪ.

ಹಿತ್ತಲಿಗೆ ಸುಗಂಧರಾಜವೇ ಸರಿ. ಅದೂ ಗೆಡ್ಡೆಯೇ, ಮೂಲ ಮೆಕ್ಸಿಕೋ. ಆದರೂ ಚಳಿ ಕೇಳದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಶೃಂಗಾರ್' ತಳಿ ಮಾಲೆಗೆ ಚೆನ್ನ. ಬಿಸಿಲಿರುವ, ನೀರು ನಿಲ್ಲದ ಕಡೆ 2 ಅಂಗುಲ ಆಳಕ್ಕೆ ನೆಡಿ. ಮೂರು-ನಾಲ್ಕು ತಿಂಗಳಿಗೆ ಹೂ. ಅತ್ತೆಯವರ ದೇವರಿಗೂ ಆಯ್ತು, ನನ್ನ ಮುಡಿಗೂ ಆಯ್ತು!