ನೋಟಿಸು ಬರುವ ಮೊದಲೇ ಕಾರ್ಡು ಹಿಂದಿರುಗಿಸಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ನೆರೆಹೊರೆಯವರೇ,

ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಕೆಳಗಿನ ಅಂಗಡಿಯನ್ನು ಬಾಡಿಗೆಗೆ ಕೊಟ್ಟು, ಬಾಗಿಲಲ್ಲಿ ಬಿಳಿ ಬೋರ್ಡಿನ ಕಾರು ನಿಲ್ಲಿಸಿಕೊಂಡವರ ಬೀರುವಿನಲ್ಲೂ ಬಿಪಿಎಲ್ ಕಾರ್ಡು ಇರುತ್ತದೆ ಎಂಬುದು ನಮ್ಮ ಭಾಗದಲ್ಲಿ ಗುಟ್ಟೇನಲ್ಲ. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು, ನಗರದಲ್ಲಿ ಸಾವಿರ ಚದರಡಿ ಮೀರಿದ ಸ್ವಂತ ಪಕ್ಕಾ ಮನೆಯುಳ್ಳವರು ಈ ಕಾರ್ಡಿಗೆ ಅರ್ಹರಲ್ಲ. ಅಂಥವರು ಅದನ್ನು ತಾವಾಗಿಯೇ ಹಿಂದಿರುಗಿಸಲಿ ಎಂಬುದೇ ನನ್ನ ಮನವಿ.

ಯಾರನ್ನು ಕೇಳುತ್ತಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೆ 1.20 ಲಕ್ಷ ರೂಪಾಯಿಯ ಆದಾಯ ಮಿತಿ ಎಂದರೆ ತಿಂಗಳಿಗೆ ಹತ್ತು ಸಾವಿರ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೂ ಕಾಗದದ ಲೆಕ್ಕದಲ್ಲಿ ಅದನ್ನು ದಾಟಿಬಿಡುತ್ತಾಳೆ. ಬಾಡಿಗೆ ಕಟ್ಟಿ ಅವಳ ಕೈಯಲ್ಲಿ ಉಳಿಯುವುದೆಷ್ಟು? ಆ ಮಿತಿಯನ್ನು ತಿದ್ದಬೇಕಾದುದು ಸರ್ಕಾರ. 2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ ಕತ್ತಿಯವರು ಟಿವಿ, ಫ್ರಿಜ್, ಬೈಕು ಇದ್ದವರೆಲ್ಲ ಕಾರ್ಡು ಒಪ್ಪಿಸಿ ಎಂದಾಗ ಜನ ಸಿಟ್ಟಾದದ್ದು ಸರಿಯಾಗಿಯೇ ಇತ್ತು. 2024ರ ನವೆಂಬರಿನಲ್ಲಂತೂ ಅರ್ಹರ ಕಾರ್ಡುಗಳೂ ರದ್ದಾಗಿ, ಸರ್ಕಾರವೇ ಅವನ್ನು ಮರಳಿ ಕೊಡಬೇಕಾಯಿತು. ನಾನು ಕೇಳುತ್ತಿರುವುದು ಉಳ್ಳವರನ್ನು.

ಉಳ್ಳವರು ಕಾರ್ಡು ಇಟ್ಟುಕೊಳ್ಳುವುದು ಅಕ್ಕಿಯ ಆಸೆಗೇ ಅಲ್ಲ. ಆ ಅಕ್ಕಿಯನ್ನು ಎಷ್ಟೋ ಮನೆಯವರು ಉಣ್ಣುವುದೂ ಇಲ್ಲ, ಬೀದಿಗೆ ಬಂದವರಿಗೆ ಮಾರಿಬಿಡುತ್ತಾರೆ. ಅವರ ಕಣ್ಣಿರುವುದು ಆಸ್ಪತ್ರೆಯ ಮೇಲೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸಿಗುವುದು ಪ್ಯಾಕೇಜ್ ದರದ ಶೇ 30, ಅದೂ 1.5 ಲಕ್ಷದ ಮಿತಿಯೊಳಗೆ. ಹೃದಯದ ಆಪರೇಷನ್ನಿನ ಭಯ ಯಾರಿಗಿಲ್ಲ ಹೇಳಿ, ನನಗೂ ಇದೆ. ಆದರೆ ಆ ಭಯಕ್ಕೆ ವಿಮೆ ಕೊಳ್ಳುವ ಶಕ್ತಿ ನಿಮಗಿದೆ, ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆಗಿಲ್ಲ. ಕಾರ್ಡುಗಳೂ ಬೇಕಾದಷ್ಟಿಲ್ಲ: ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯದಲ್ಲಿ ಕೇಂದ್ರ ಒಪ್ಪಿರುವುದು 4.01 ಕೋಟಿ ಜನರನ್ನು ಮಾತ್ರ. ಅದರಾಚೆಯ ಖರ್ಚು ರಾಜ್ಯದ ತಲೆಗೆ. ಹೀಗಾಗಿಯೇ ಹೊಸ ಬಿಪಿಎಲ್ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿವೆ. ಆ ಪಾತ್ರೆ ತೊಳೆಯುವಾಕೆಯ ಅರ್ಜಿಯೂ ಅವುಗಳಲ್ಲೊಂದಾಗಿರಬಹುದು.

ಇನ್ನು ಕಾನೂನಿನ ಮಾತು. ಸುಳ್ಳು ಆದಾಯ ಪ್ರಮಾಣಪತ್ರ ಕೊಟ್ಟು ಸೌಲಭ್ಯ ಪಡೆಯುವುದು ವಂಚನೆ. ಕೇಸು ಬಿದ್ದ ಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿ ಶಿಕ್ಷೆ ಇಳಿಸಿಕೊಳ್ಳುವ ದಾರಿ ನಮ್ಮಲ್ಲಿ 2006ರಿಂದ ಇದೆ, ಆದರೆ ದೇಶದ ಸಾಮಾಜಿಕ-ಆರ್ಥಿಕ ಸ್ಥಿತಿಗೆ ಪೆಟ್ಟು ಕೊಡುವ ಅಪರಾಧಗಳಿಗೆ ಅದು ತೆರೆದಿಲ್ಲ. ಕಟಕಟೆಯಲ್ಲಿ ಒಪ್ಪಿಕೊಂಡರೆ ಅಪರಾಧಿ ಎಂಬ ದಾಖಲೆ ಉಳಿಯುತ್ತದೆ. ಕಾರ್ಡು ಹಿಡಿದ ಸರ್ಕಾರಿ ನೌಕರರಿಂದ ಇಲಾಖೆ ದಂಡ ವಸೂಲಿ ಮಾಡಿದ್ದೂ ಉಂಟು. ಅಷ್ಟರವರೆಗೆ ಯಾಕೆ ಕಾಯುತ್ತೀರಿ?

ಆಹಾರ ಇಲಾಖೆಯ ನಿಮ್ಮ ವಲಯ ಕಚೇರಿಗೆ ರೇಷನ್ ಕಾರ್ಡು, ಆಧಾರ್ ಹಿಡಿದು ಹೋಗಿ ಎಪಿಎಲ್‌ಗೆ ಬದಲಾಯಿಸಿಕೊಡಿ ಎಂದು ಬರೆದುಕೊಡಿ. ತೀರಿಕೊಂಡ ಅಜ್ಜಿಯ ಹೆಸರು, ಮದುವೆಯಾಗಿ ಹೋದ ಮಗಳ ಹೆಸರು ಇನ್ನೂ ಉಳಿದಿದ್ದರೆ ಅದನ್ನೂ ತೆಗೆಸಿ. ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದೂ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದ್ದರೆ ಅದಕ್ಕೂ ಅರ್ಜಿ ಕೊಟ್ಟು ನಿಲ್ಲಿಸಿ. ಅಧಿಕಾರಿಗಳಲ್ಲೂ ಒಂದು ಕೋರಿಕೆ: ತಾನಾಗಿ ಬಂದವರನ್ನು ಕಳ್ಳರಂತೆ ನೋಡಬೇಡಿ, ನಾಳೆ ಬನ್ನಿ ಎಂದು ಕಳಿಸಬೇಡಿ, ಕಾರ್ಡು ಪಡೆದದ್ದಕ್ಕೆ ಅಲ್ಲೇ ಸ್ವೀಕೃತಿ ಕೊಡಿ.