ಪಹಣಿಯಲ್ಲಿ ಬರೆಯದ ಆಸ್ತಿ

ಗಂಡಸಿ ಹ್ಯಾಂಡ್‌ಪೋಸ್ಟ್‌ನ ಟೀ ಅಂಗಡಿಯಲ್ಲಿ ಕೂರುವ ನನ್ನ ವಾರಗೆಯವರು ದೇವರಲ್ಲಿ ಬೇಡುವುದು ಒಂದೇ: ಹಾಸಿಗೆ ಹಿಡಿಯದೆ ಒಂದೇ ಏಟಿಗೆ ಹೋಗಿಬಿಡಬೇಕು. ಮುದುಕನೊಬ್ಬ ರಾತ್ರಿ ಉಂಡು ಮಲಗಿ ಬೆಳಿಗ್ಗೆ ಏಳದಿದ್ದರೆ, ‘ಪುಣ್ಯವಂತ, ಸೊಸೆಗೆ ತೊಂದ್ರೆ ಕೊಡ್ಲಿಲ್ಲ’ ಎನ್ನುತ್ತೇವೆ. 2025ರ ಮೇ-ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಅದೇ ಸಾವು ನಮ್ಮ ಮಕ್ಕಳ ವಯಸ್ಸಿನವರಿಗೆ ಬಂತು. ಪುಣ್ಯದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಹೃದಯಾಘಾತದ ಸಾವುಗಳಿಗೆ ಟಿವಿಯವರು ದಿನಾ ಹೊಸ ಲೆಕ್ಕ ಕೊಟ್ಟರು. ಹೆದರಿದ ಜನ ಬೆಳಗಿನ ಜಾವಕ್ಕೇ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಸಾಲು ನಿಂತರು. ಈ ಸಾವುಗಳ ಕಾರಣ ಹುಡುಕಲು ಸರ್ಕಾರ ನೇಮಿಸಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಊರಿನವರು ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಮೊದಲೂ ಹೀಗೇ ಸಾಯುತ್ತಿದ್ದರು, ನಾವು ಎಣಿಸಿರಲಿಲ್ಲ ಎಂದಲ್ಲವೇ ಅದರರ್ಥ?

ಆ ದಿನಗಳಲ್ಲಿ ಬೆಂಗಳೂರಿನಿಂದ ಮಗನ ಫೋನೋ ಫೋನು. ‘ಅಪ್ಪ, ಇಸಿಜಿ ಮಾಡಿಸ್ಕೊಂಡ್ಯಾ?’ ‘ನಿಂದು ಮಾಡಿಸಿದ್ಯೇನೋ?’ ಅಂದರೆ, ‘ನನಗೇನಾಗಿದೆ’ ಅಂದ. ಅವನಿಗೆ ಏನಾಗಬಹುದು ಎಂದು ಹೇಳಬೇಕಾಗಿದ್ದವನು ನಾನೇ. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯರೋಗ ಬಂದಿದ್ದರೆ ಉಳಿದವರು ಎಚ್ಚರವಾಗಿರಬೇಕು ಎನ್ನುತ್ತಾರೆ ವೈದ್ಯರು. ಯಾವ ಸಾಲಿನ ತೆಂಗಿಗೆ ಕಾಂಡ ಸೋರುವ ರೋಗ ಬಂದಿತ್ತು ಎಂದು ಮಕ್ಕಳಿಗೆ ತೋಟದಲ್ಲಿ ನಿಲ್ಲಿಸಿ ತೋರಿಸುತ್ತೇವೆ. ಚಿಕ್ಕಪ್ಪ ಎಷ್ಟನೇ ವಯಸ್ಸಿಗೆ ಎದೆ ಹಿಡಿದುಕೊಂಡ ಎನ್ನುವುದನ್ನು ಬಾಯಿಬಿಡುವುದಿಲ್ಲ. ‘ಗಾಳಿ ಸೋಕಿತ್ತು’, ‘ಆಯಸ್ಸು ಅಷ್ಟೇ ಇತ್ತು’ ಎಂದು ಮುಗಿಸುತ್ತೇವೆ. ಮನೆತನಕ್ಕೆ ರೋಗದ ಹೆಸರು ಬಂದರೆ ಸಂಬಂಧ ತಪ್ಪೀತು ಎಂಬ ಭಯ ಬೇರೆ.

ಇನ್ನೊಂದು ರೋಗ ‘ಗ್ಯಾಸ್ಟ್ರಿಕ್’. ಎದೆ ಉರಿ, ಬೆವರು, ಎಡಗೈ ಸೆಳೆತ, ಏನೇ ಆದರೂ ಗ್ಯಾಸ್ಟ್ರಿಕ್ ಎಂದು ನಿಂಬೆಹಣ್ಣು ಸೋಡಾ ಕುಡಿದು ಗೋಡೆಗೊರಗುವುದು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪು ಕರಗಿಸಲು ಸಿಗುವ ಸಮಯವೆಲ್ಲ ಆ ಸೋಡಾದಲ್ಲೇ ಹೋಗುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ಕ್ಕೇ ಹೋದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದವರು ಕೂತಲ್ಲೇ ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬಿಟ್ಟಿ. ಆದರೆ ಆಸ್ಪತ್ರೆ ಬಾಗಿಲಿಗೆ ಹೋಗಿ ನಿಂತವನಿಗೆ ಮಾತ್ರ ಅದು ಸಿಗುವುದು.

ದೇವರನ್ನು ನಾನು ಬಿಟ್ಟವನಲ್ಲ. ಮಾಲೇಕಲ್ಲು ತಿರುಪತಿಯ ಮೆಟ್ಟಿಲುಗಳನ್ನು ಈಗ ಕುಂತು ಕುಂತು ಹತ್ತುತ್ತೇನೆ. ಮೊದಲು ನನ್ನ ಸಾವು ಸಲೀಸಾಗಲಿ ಎಂದು ಬೇಡುತ್ತಿದ್ದೆ, ಈಗ ಮಗ ನನಗಿಂತ ಮುಂಚೆ ಹೋಗದಿರಲಿ ಎಂದು. ಆದರೂ ವೆಂಕಟರಮಣನಿಗೆ ಹೇಳಿದ್ದನ್ನು ಮಗನಿಗೆ ಹೇಳದಿದ್ದರೆ ಹರಕೆ ಅರ್ಧವೇ. ಅದಕ್ಕೇ ತೋಟದ ಕಾಗದಪತ್ರಗಳ ಜೊತೆ ಒಂದು ಹಾಳೆ ಸೇರಿಸಿದ್ದೇನೆ: ನಮ್ಮಲ್ಲಿ ಯಾರು, ಎಷ್ಟನೇ ವಯಸ್ಸಿಗೆ, ಏನಾಗಿ ಹೋದರು.

ಮನೆಯಾಕೆ ಈ ಬರಹ ಓದಿ, ‘ಮೊಮ್ಮಗಳಿಗೆ ಗಂಡು ನೋಡ್ತಾವ್ರೆ, ಇದನ್ನ ಪೇಪರ್‌ಗೆ ಹಾಕ್ಬೇಡಿ’ ಅಂದಳು. ಗಂಡಿನ ಕಡೆಯವರ ಹತ್ತಿರವೂ ಇಂಥದ್ದೊಂದು ಹಾಳೆ ಕೇಳು ಅಂದೆ.